ಗೋಡೆಯಾಚೆಯ ರೊಟ್ಟಿ ಸಪ್ಪಳ

ಅಣ್ಣಿಗೇರಿ
೧೯ ಜುಲೈ ೧೯೭೩, ಗುರುವಾರ

ಚಿರಂಜೀವಿ ಸೌಭಾಗ್ಯವತಿ ನೀಲಾಳಿಗೆ,

ನಿನ್ನ ಅವ್ವ ಸುಶೀಲವ್ವ ಮಾಡುವ ಆಶೀರ್ವಾದ. ಮಿಶ್ರಿಕೋಟಿಯಲ್ಲಿ ನೀನು, ಅಳಿಯಂದಿರು, ನಿಮ್ಮ ಅತ್ತೆ ಮಾವ ಎಲ್ಲರೂ ಆರಾಮ ಇದ್ದೀರಿ ಎಂದು ತಿಳಿದುಕೊಂಡಿದ್ದೇನೆ. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯಲು ಹೋಗಿ ಪೆನ್ನು ಕೆಳಗಿಟ್ಟೆ. ನಮ್ಮ ಮನೆಯ ಮಟ್ಟಿಗೆ ಕ್ಷೇಮ ಎಂದು ಓದಿಕೋ.

ನಿನ್ನ ಎರಡು ಪತ್ರ ಬಂದು ದೇವರ ಗೂಡಿನಲ್ಲಿ ಕೂತಿವೆ. ಎರಡನೆಯದರಲ್ಲಿ ನೀನು ಸಿಟ್ಟಿಗೆದ್ದು, "ಮುಲ್ಕಿ ಪರೀಕ್ಷೆ ಪಾಸಾದೆ ಅಂತ ಊರತುಂಬ ಹೇಳಿಕೊಂಡು ತಿರುಗುವವಳಿಗೆ ಮಗಳಿಗೆ ನಾಲ್ಕು ಸಾಲು ಬರೆಯಲು ಬರುವುದಿಲ್ಲವೇನು?" ಎಂದು ಬರೆದಿದ್ದೀ. ಬೈದುಕೋ ತಾಯಿ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಪತ್ರ ಬರೆಯಲು ದಿನಾ ಕೂರುತ್ತಿದ್ದೆ, ಮಳೆ ಬಂತು, ಕೆಂದ ಆಕಳು ಹೋರಿಗರು ಹಾಕಿತು, ನಿಮ್ಮಪ್ಪನಿಗೆ ಹೊಸ ಕನ್ನಡಕ ಬಂತು ಎಂದು ಬರೆಯಬೇಕು ಅಂದುಕೊಳ್ಳುತ್ತಿದ್ದೆ, ಅದೆಲ್ಲ ಬರೆದರೆ ಉಳಿದದ್ದನ್ನು ಮುಚ್ಚಿಟ್ಟ ಹಾಗಾಗುತ್ತದೆ ಎನಿಸಿ ಎದ್ದುಬಿಡುತ್ತಿದ್ದೆ. ಇವತ್ತು ಎಲ್ಲವನ್ನೂ ಬರೆಯುತ್ತೇನೆ. ಪತ್ರ ಉದ್ದವಾಗುತ್ತದೆ. ನಿಮ್ಮ ಅತ್ತೆಯ ಮುಂದೆ ಗಟ್ಟಿಯಾಗಿ ಓದಬೇಡ.

ಸ್ಟೇಷನ್ನಿನ ಬಾಜುದ ಹತ್ತಿ ಹಿಂಜುವ ಜಿನ್ನು ಮುಚ್ಚಿದ್ದು ನಿನಗೆ ಗೊತ್ತೇ ಇದೆ. ಹೋದ ವರ್ಷ ಮಳೆ ಕೈಕೊಟ್ಟಿತು, ಹತ್ತಿ ಬರಲಿಲ್ಲ, ಶಿವರಾತ್ರಿಯ ಹೊತ್ತಿಗೆ ಜಿನ್ನಿಗೆ ಬೀಗ ಬಿತ್ತು. ಅರಳೆ ಹಿಂಜುತ್ತಿದ್ದವರು, ಅಂಡಿಗೆ ಕಟ್ಟುತ್ತಿದ್ದವರು, ಬಂಡಿ ಇಳಿಸುತ್ತಿದ್ದವರು, ಎಲ್ಲರೂ ಒಂದೇ ದಿನ ಮನೆಗೆ ಬಂದರು. ನಮ್ಮ ಗೋಡೆಯಾಚೆಯ ಮಡಿವಾಳೆಪ್ಪನೂ ಬಂದ. ನೀನು ಚಿಕ್ಕವಳಿದ್ದಾಗ ಮೈತುಂಬ ಅರಳೆ ಹತ್ತಿಸಿಕೊಂಡು ಬರುತ್ತಿದ್ದ ಅವನನ್ನು ನೋಡಿ "ಬಿಳಿ ಕಾಕಾ" ಎನ್ನುತ್ತಿದ್ದೆಯಲ್ಲ, ಅವನೇ. ಆ ಅರಳೆ ಈಗ ಅವನ ಎದೆಯೊಳಗೆ ಕೂತಿದೆ. ಕೆಮ್ಮು ಹತ್ತಿತೆಂದರೆ ನಮ್ಮ ಅಡುಗೆಮನೆಯ ತನಕ ಕೇಳಿಸುತ್ತದೆ.

ಸರಕಾರದವರು ನವಲಗುಂದ ರಸ್ತೆಗೆ ಖಡಿ ಒಡೆಯುವ ಕೆಲಸ ತೆರೆದಾಗ ಮಡಿವಾಳೆಪ್ಪ ಹೋದ. ಸಂಜೆಗೆ ಅವನನ್ನು ಇಬ್ಬರು ಹಿಡಿದುಕೊಂಡು ಬಂದರು. ಕಲ್ಲಿನ ಧೂಳು ಬಿದ್ದದ್ದೇ ರಕ್ತ ಕೆಮ್ಮಿದನಂತೆ. ಮುಕಾದಮ ನಾಳೆ ಬರಬೇಡ ಎಂದು ಕಳಿಸಿದ. ಆಮೇಲೆ ಹುಬ್ಬಳ್ಳಿಗೆ ಹೋದ, ಎಲ್ಲಾದರೂ ವಾಚಮನ್ ಕೆಲಸ ಸಿಗುತ್ತದೇನೋ ಎಂದು. ವಾರಕ್ಕೊಮ್ಮೆ ರೈಲಿಗೆ ಬರುತ್ತಾನೆ, ಬರಿಗೈಯಲ್ಲಿ ಬರುತ್ತಾನೆ. ಮನೆಯಲ್ಲಿ ಹೆಂಡತಿ ರೇಣುಕವ್ವ, ಎರಡು ಮಕ್ಕಳು, ಮತ್ತೆ ತಾಯಿ ಶಿವಗಂಗವ್ವ. ನಿಮ್ಮ ಗಂಗವ್ವಾಯಿ. ಎರಡೂ ಕಣ್ಣಿಗೆ ಪೊರೆ ಬಂದು ಕಾಣುವುದಿಲ್ಲ, ಸೊಂಟ ಮುರಿದ ಮೇಲೆ ಚಾಪೆಯೇ ಗತಿ. ಅವಳನ್ನು ಎತ್ತಿ ಇಳಿಸುವವಳು ರೇಣುಕವ್ವ ಒಬ್ಬಳೇ, ಹಾಗಾಗಿ ಅವಳಿಗೆ ದೂರದ ಕೂಲಿಗೂ ಹೋಗಲು ಬರುವುದಿಲ್ಲ.

ಊರಲ್ಲಿ ಜಿನ್ನಿನ ಮಂದಿಗೆ ಕಷ್ಟವಾಗಿದೆ ಎಂದು ವ್ಯಾಪಾರಸ್ಥರೆಲ್ಲ ಕೂಡಿ ಧರ್ಮದ ಜೋಳ ಕೂಡಿಸಿದರು. ಅದನ್ನು ಹಂಚಲು ಒಂದು ಕಮೀಟಿ ಆಯಿತು. ನಿಮ್ಮಪ್ಪ ಅದರ ಅಧ್ಯಕ್ಷರು. ಹತ್ತಿ ಇಲ್ಲದೆ ಅಡತಿ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತವರಿಗೆ ಒಂದು ಕೆಲಸ ಸಿಕ್ಕಿತು ಎಂದು ನನಗೂ ಸಂತೋಷವೇ ಆಯಿತು. ಸಭೆ ನಮ್ಮ ಪಡಸಾಲೆಯಲ್ಲೇ. ಚಹಾ ಮಾಡುವವಳು ನಾನೇ. ಬಾಗಿಲ ಹಿಂದೆ ನಿಂತು ಕೇಳುವವಳೂ ನಾನೇ.

ಕೊಡುವುದಕ್ಕೆ ಕೂತವರು ಕೊಡದಿರುವುದಕ್ಕೆ ಎಷ್ಟು ಕಾರಣ ಹುಡುಕುತ್ತಾರೆ ಎಂದು ನೋಡಿ ನನಗೆ ಮೊದಲು ನಗು ಬರುತ್ತಿತ್ತು. ನಿನಗೆ ಲೆಕ್ಕ ಕಲಿಸಿದ ವೆಂಕಣ್ಣ ಮಾಸ್ತರರು ಇದ್ದಾರಲ್ಲ, ಅವರೂ ಕಮೀಟಿಯಲ್ಲಿದ್ದಾರೆ. ಅವರು ನಿಮ್ಮಪ್ಪನಿಗೆ ಹೇಳಿದರು:

"ಕೂತು ಉಂಡ್ರ ಕುಡಿಕಿ ಹೊನ್ನು ಸಾಲದು ಕುಬೇರಪ್ಪನವರ. ಒಮ್ಮೆ ಬಿಟ್ಟಿ ಕೂಳಿನ ರುಚಿ ಹತ್ತಿತು ಅಂದ್ರ ಮುಗೀತು, ನಾಳೆ ಜಿನ್ನು ತೆರದ್ರೂ ಇವರು ಒಳಗ ಕಾಲಿಡಂಗಿಲ್ಲ. ಕೈ ಕೆಸರಾದ್ರ ಬಾಯಿ ಮೊಸರು. ಅದನ್ನ ಕಲಿಸ್ರಿ ಮೊದಲ."

ಮಾಸ್ತರರಿಗೆ ತಿಂಗಳಾ ತಿಂಗಳಾ ಕೂತಲ್ಲೇ ಪಿಂಚಣಿ ಬರುತ್ತದೆ ಎಂಬುದು ಆಗ ಅವರಿಗೆ ನೆನಪಾಗಲಿಲ್ಲ. ನನಗೆ ನೆನಪಾಯಿತು, ಆದರೆ ನಾನು ಬಾಗಿಲ ಹಿಂದೆ ಇದ್ದೆ.

ಕಮೀಟಿಯಲ್ಲೇ ಇರುವ ಶಂಕ್ರಪ್ಪ ಸಾಹುಕಾರರು ಅವರಿಗಿಂತ ಒಂದು ಹೆಜ್ಜೆ ಮುಂದೆ. "ಇಷ್ಟು ವರ್ಷ ಪಗಾರ ಎಣಿಸಿದ ಮಂದಿ. ನಾಕು ಕಾಳು ಉಳಿಸಿ ಇಟ್ಕೊಳ್ಳಾಕ ಏನಾಗಿತ್ತ್ರಿ? ಖರೇ ಬಡವ ಯಾರು, ನಾಟಕದ ಬಡವ ಯಾರು, ನೋಡೇ ಕೊಡಬೇಕು."

ಖರೇ ಬಡವರನ್ನು ಹೇಗೆ ಗುರುತಿಸುತ್ತಿದ್ದರು ಗೊತ್ತೇ? ಸೀರೆ ಹರಿದಿರಬೇಕು. ಹುಡುಗರ ತಲೆಗೆ ಎಣ್ಣೆ ಇರಬಾರದು. ಬಂದವರು ಅಳಬೇಕು, ಕಾಲಿಗೆ ಬೀಳಬೇಕು. ನಮ್ಮ ಓಣಿಯ ಹಲೀಮಾಬಿ ಮೊದಲ ಸಲ ತೊಳೆದ ಸೀರೆ ಉಟ್ಟು ಬಂದು ಬರಿಗೈಯಲ್ಲಿ ಹೋಗಿದ್ದಳು. ಎರಡನೆಯ ಸಲ ಸೆರಗು ಜಾಲಿಗಂಟಿಗೆ ಸಿಕ್ಕಿ ಚಿಂದಿಯಾದದ್ದನ್ನು ಉಟ್ಟು ಬಂದಳು, ಜೋಳ ಸಿಕ್ಕಿತು. ಅವತ್ತಿನಿಂದ ಆ ಸೀರೆಗೆ ಓಣಿಯಲ್ಲಿ ಕಮೀಟಿ ಸೀರೆ ಎಂದೇ ಹೆಸರು. ಪುಣ್ಯಾತ್ಗಿತ್ತಿ, ಯಾರು ಕೇಳಿದರೂ ಉಡಲು ಕೊಡುತ್ತಾಳೆ. ಅದೇ ಸೀರೆ ಮೂರು ಮನೆಯವರ ಮೈಮೇಲೆ ನಮ್ಮ ಪಡಸಾಲೆಗೆ ಬಂದು ಹೋಯಿತು, ನಿಮ್ಮಪ್ಪನಿಗೆ ಹೊಸ ಕನ್ನಡಕದಲ್ಲೂ ಗೊತ್ತಾಗಲಿಲ್ಲ. ನಾನು ಒಳಗೆ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ.

ರೇಣುಕವ್ವನಿಗೂ ಹಲೀಮಾಬಿ ಹೇಳಿದ್ದಳಂತೆ, "ನನ್ನ ಸೀರಿ ಉಟ್ಕೊಂಡು ಹೋಗಬೇ, ನಾಚಿಕಿ ಏನದ ಇದರಾಗ" ಎಂದು. ರೇಣುಕವ್ವ ಒಲ್ಲೆ ಎಂದಳು. ತನ್ನದೇ ಸೀರೆಯಲ್ಲಿ ಬಂದು, ಕಂಬದ ಹತ್ತಿರ ನಿಂತು, "ಜಿನ್ನು ತೆರಿಯೋತನಕ ಸ್ವಲ್ಪ ಆಧಾರ ಆದ್ರ ಸಾಕ್ರಿ" ಎಂದಳು. ಅತ್ತಳಲ್ಲ, ಕಾಲಿಗೂ ಬೀಳಲಿಲ್ಲ. ಅವಳು ಹೋದ ಮೇಲೆ ಶಂಕ್ರಪ್ಪ, "ಈಕಿ ಬಡವರಂಗ ಕಾಣಂಗಿಲ್ಲಲ್ರಿ" ಎಂದರು. ಆಗ ನಿಮ್ಮಪ್ಪ ಹೇಳಿದ ಮಾತು ಇದು:

"ನಮ್ಮ ಗ್ವಾಡಿ ಬಾಜುದ ಮನಿ ಅದು. ದಿನಾ ಮುಂಜಾನೆ ರೊಟ್ಟಿ ಬಡಿಯೋ ಸಪ್ಪಳ ನಾ ಕಿವಿಯಾರೆ ಕೇಳ್ತೀನಿ. ಐದಾರು ರೊಟ್ಟಿ ಆಗ್ತಾವ. ಸುಳ್ಳು ಯಾಕ ಹೇಳಬೇಕು? ಇದ್ದವರಿಗೆ ಕೊಟ್ಟು ಇಲ್ಲದವರಿಗೆ ತಪ್ಪಿಸಬಾರದು."

ನಿಮ್ಮಪ್ಪ ಸುಳ್ಳು ಹೇಳಲಿಲ್ಲ ನೀಲಾ. ಆ ಸಪ್ಪಳ ನನಗೂ ಕೇಳಿಸುತ್ತಿತ್ತು. ನನ್ನ ರೊಟ್ಟಿ ಮತ್ತು ಅವಳ ರೊಟ್ಟಿ ಎಷ್ಟೋ ದಿನ ಕೂಡಿಯೇ ಬಡಿಯುತ್ತಿದ್ದೆವು, ಗೋಡೆಯ ಈಚೆ ನಾನು, ಆಚೆ ಅವಳು. ರೇಣುಕವ್ವನ ಹೆಸರು ಬಿಟ್ಟರು. ನಾನು, ಇರಲಿ, ಹೇಗೋ ನಡೆದಿದೆಯಲ್ಲ ಅವರದು ಎಂದುಕೊಂಡು ಚಹಾದ ಕಪ್ಪು ತೊಳೆದಿಟ್ಟೆ.

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ಮುಂಜಾನೆ. ಎತ್ತು ಮಾಡಲು ಎರೆಮಣ್ಣು ತಂದು ಕೊಡುವ ಬುಡನಸಾಬ ಬಂದಿರಲಿಲ್ಲ. ಗೋಡೆಯಾಚೆ ಸಪ್ಪಳ ಕೇಳುತ್ತಿತ್ತು. ರೇಣುಕವ್ವನ ಹತ್ತಿರ ಮಣ್ಣು ಇದ್ದರೆ ಒಂದು ಮುದ್ದೆ ಇಸಿದುಕೊಳ್ಳೋಣ ಎಂದು ಹಿತ್ತಲ ಬಾಗಿಲಿನಿಂದ ಹೋದೆ. ಬಾಗಿಲು ಬರೀ ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ, ದೂಡಿದೆ.

ರೇಣುಕವ್ವ ಒಲೆಯ ಮುಂದೆ ಕೂತಿದ್ದಳು. ಹಲಗೆಯ ಮೇಲೆ ಕರೀ ಎರೆಮಣ್ಣು. ಚೆನ್ನಾಗಿ ನಾದಿದ ಮಣ್ಣು. ಅದನ್ನು ರೊಟ್ಟಿಯ ಹಾಗೇ ತಟ್ಟಿ ತಟ್ಟಿ, ತಿರುಗಿಸಿ ತಿರುಗಿಸಿ ಬಡಿಯುತ್ತಿದ್ದಳು.

ನಾನು ನಕ್ಕುಬಿಟ್ಟೆ. ಹೌದು, ನಕ್ಕೆ. "ಇಷ್ಟು ಮುಂಜಾನೇನ ಎತ್ತು ಮಾಡಾಕ ಕುಂತಿ? ಎತ್ತು ಮಾಡ್ತೀಯೋ ರೊಟ್ಟಿ ಮಾಡ್ತೀಯೋ?" ಎಂದೆ.

ಅವಳು ತಿರುಗಿ ನೋಡಿದಳು. ಕೆಸರಿನ ಬೆರಳನ್ನು ತುಟಿಯ ಮೇಲಿಟ್ಟು ಸುಮ್ಮನಿರಲು ಸನ್ನೆ ಮಾಡಿದಳು. ಅಷ್ಟರಲ್ಲಿ ಒಳಗಿನ ಖೋಲಿಯಿಂದ ಗಂಗವ್ವಾಯಿಯ ಧ್ವನಿ ಬಂತು: "ನಾಕಾದವಲ್ಲ ರೇಣುಕಾ. ಇನ್ನೊಂದು ಬಡಿ, ಸಣ್ಣಾವಗ ಸಾಲಂಗಿಲ್ಲ."

"ಬಡಿಯಾಕ ಹತ್ತೀನ್ರಿ ಅತ್ತಿ" ಎಂದು ರೇಣುಕವ್ವ ಮಣ್ಣನ್ನು ಮುದ್ದೆ ಮಾಡಿ ಮತ್ತೆ ಬಡಿದಳು. ಆಮೇಲೆ ಒದ್ದೆ ಅರಿವೆಯನ್ನು ಕಾದ ಹಂಚಿನ ಮೇಲೆ ಒತ್ತಿದಳು. ರೊಟ್ಟಿಯ ಮೇಲೆ ನೀರು ಸವರಿದಾಗ ಬರುತ್ತದಲ್ಲ, ಆ ಸಪ್ಪಳ ಚೊರ್ ಎಂದು ಬಂತು.

ನಾನು ಕುಕ್ಕರಿಸಿ ಅಲ್ಲೇ ಕೂತೆ. ಅವಳು ನನ್ನ ಕಿವಿಯ ಹತ್ತಿರ ಬಂದು ಹೇಳಿದಳು:

"ನಮ್ಮತ್ತಿ ಹುಡುಗೂರು ಉಂಡಾರ ಅಂತ ಗೊತ್ತಾಗದ ಹೊರತು ತುತ್ತು ಮುಟ್ಟಂಗಿಲ್ರಿ ಅಕ್ಕಾರ. ಹಿಟ್ಟು ಒಂದು ರೊಟ್ಟಿಗೆ ಅಷ್ಟ ಆಗ್ತದ. ಅದನ್ನ ಮೊದಲ ಬೇಯಸ್ತೀನಿ, ಮನಿ ತುಂಬ ವಾಸನಿ ಬರ್ತದ. ಉಳಿದದ್ದು ಹಿಂಗ. ಹುಡುಗೂರಿಗೆ ಸಾಲ್ಯಾಗ ಉಪ್ಪಿಟ್ಟು ಕೊಡ್ತಾರಲ್ರಿ, ಅವಕ್ಕ ನಡೀತದ. 'ಉಂಡ್ವಿ ಆಯಿ' ಅಂತ ಹೇಳಿ ಹೋಗ್ತಾವ. ಆಮ್ಯಾಲ ಆಕಿ ಉಣ್ತಾಳ. ಯಾರಿಗೂ ಹೇಳಬ್ಯಾಡ್ರಿ. ಆಕಿಗೆ ಗೊತ್ತಾತಂದ್ರ ಬಾಯಿ ಮುಚ್ಚಿಬಿಡ್ತಾಳ."

"ಮತ್ತ ನೀ ಏನು ತಿಂತೀ?" ಎಂದು ಕೇಳಿದೆ. ಅವಳು ಇನ್ನೊಂದು ಮುದ್ದೆ ಮಣ್ಣು ಎತ್ತಿಕೊಂಡಳು. ಮಾಸ್ತರರ ಗಾದೆ ನನಗೆ ನೆನಪಾಯಿತು. ಅವಳ ಕೈ ಮೊಣಕೈ ತನಕ ಕೆಸರಾಗಿತ್ತು. ಮೊಸರು ಎಲ್ಲಿ ಎಂದು ಯಾರನ್ನು ಕೇಳಲಿ?

ಎಷ್ಟು ತಿಂಗಳು ನಾನು ಗೋಡೆಯ ಈಚೆ ಕೂತು ಆ ಮಣ್ಣಿನ ಸಪ್ಪಳಕ್ಕೆ ಸರಿಯಾಗಿ ರೊಟ್ಟಿ ಬಡಿದೆನೋ ಶಿವನೇ ಬಲ್ಲ. ಮನೆಗೆ ಬಂದು ಸೆರಗಿನಲ್ಲಿ ಹಿಟ್ಟು ಮುಚ್ಚಿಕೊಂಡು ಹೋದೆ. ಎರಡು ಬೊಗಸೆ ತೆಗೆದುಕೊಂಡಳು, ಉಳಿದದ್ದನ್ನು ತಿರುಗಿ ಕೊಟ್ಟಳು. "ದಿನಾ ತರಾಕ ಆಗಂಗಿಲ್ರಿ ಅಕ್ಕಾರ ನಿಮಗ. ಓಣಿ ಮಂದಿ ನೋಡ್ತಾರ. ಕಮೀಟಿ ಜೋಳ ಒಂದು ಚೀಲ ಸದ್ದಿಲ್ಲದಂಗ ಬಂದ್ರ ಅಗದಿ ಉಪಕಾರ ಆಗ್ತದ" ಎಂದಳು.

ಸದ್ದಿಲ್ಲದ ಹಾಗೆ. ಅವಳು ಕೇಳಿದ್ದು ಅಷ್ಟೇ ನೀಲಾ.

ಅವತ್ತೇ ಮಧ್ಯಾಹ್ನ ನಿಮ್ಮಪ್ಪ ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಹೇಳದೆ ಇದ್ದರೆ ಜೋಳ ಬರುವ ದಾರಿ ಇರಲಿಲ್ಲ. ಅವರು ಕೈಯೊಳಗಿನ ತುತ್ತು ತಾಟಿಗೆ ಬಿಟ್ಟರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಎಂಥಾ ಅನ್ಯಾಯ ಆತು ನನ್ನಿಂದ" ಎಂದರು. ನನ್ನ ಗಂಡನ ಮನಸ್ಸು ಎಷ್ಟು ಮೆತ್ತಗೆ ಎಂದು ನನಗೆ ಹೆಮ್ಮೆಯಾಯಿತು. "ರೀ, ಸಾಯಂಕಾಲ ಹಿತ್ತಲ ಬಾಗಲದಾಗ ಒಂದು ಚೀಲ ಇಳಿಸಿಬಿಡ್ರಿ, ಯಾರಿಗೂ ಗೊತ್ತಾಗೋದು ಬ್ಯಾಡ" ಎಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು:

"ಹಂಗ ಬರಂಗಿಲ್ಲ ಸುಶೀಲಾ. ಆಕಿ ಹೆಸರು ಬಿಟ್ಟಾವ ನಾ. ಈಗ ಕದ್ದು ಕೊಟ್ರ, ಕುಬೇರಪ್ಪ ತನ್ನ ಗ್ವಾಡಿ ಬಾಜುದವರಿಗೆ ಹಿಂದಿನ ಬಾಗಲದಿಂದ ಹೊತ್ತು ಹಾಕಿದ ಅಂತಾರ. ಧರ್ಮದ ಜೋಳ. ನಾಕು ಮಂದಿ ಮುಂದ, ಕಾರಣ ಹೇಳಿ ಕೊಡಬೇಕು."

ನಾನು ಬೇಡ ಬೇಡ ಎಂದೆ. ಮುದುಕಿಗೆ ಕೇಳಿಸಬಾರದು ಎಂದು ಎರಡು ಸಲ ಹೇಳಿದೆ. "ಅಷ್ಟು ತಿಳಿಯಂಗಿಲ್ಲೇನು ನನಗ?" ಎಂದು ಎದ್ದು ಕೈ ತೊಳೆದರು.

ಅಮಾವಾಸ್ಯೆ ಕಳೆದು ಸೋಮವಾರ ಹತ್ತು ಗಂಟೆಗೆ ಕಮೀಟಿಯವರೆಲ್ಲ ಬಂದರು. ಹಮಾಲ ಚೀಲ ಹೊತ್ತಿದ್ದ. ಓಣಿಯ ಮಂದಿ ಕೂಡಿದರು. ಕಮೀಟಿಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದಾರೆ, ಮದುವೆಯಲ್ಲಿ ಆಯಾರ ಕೂಗುತ್ತಾರಲ್ಲ, ಇಂಥವರಿಂದ ಇಂಥವರಿಗೆ ಸೀರೆ ಕುಪ್ಪಸ ಎಂದು, ಹಾಗೆಯೇ ಜೋಳ ಕೊಡುವಾಗ ಕೂಗಿ ಹೇಳುವುದು. ಶಂಕ್ರಪ್ಪ ಕೂಗಿದರು. ಆಮೇಲೆ ನಿಮ್ಮಪ್ಪ ಮಾತಾಡಲು ನಿಂತರು. ಎಲ್ಲಿ ನಿಂತರು? ರೇಣುಕವ್ವನ ಹೊಸ್ತಿಲ ಮುಂದೆ. ಒಳಗೆ ಹತ್ತು ಮೊಳ ದೂರದಲ್ಲಿ ಗಂಗವ್ವಾಯಿಯ ಚಾಪೆ.

ಅವರು ಬೈಯಲಿಲ್ಲ ನೀಲಾ. ಬೈದಿದ್ದರೆ ಚೆನ್ನಾಗಿತ್ತು. ಹೊಗಳಿದರು. "ಬಡತನ ಎಲ್ಲಾರಿಗೂ ಬರ್ತದ. ಆದ್ರ ಈ ತಾಯಿ ನೋಡ್ರಿ. ಮನ್ಯಾಗ ಹಿಟ್ಟಿಲ್ಲ, ಹುಡುಗೂರು ಉಪವಾಸ. ಎರಿಮಣ್ಣು ಬಡದು ರೊಟ್ಟಿ ಸಪ್ಪಳ ಮಾಡ್ಯಾಳ, ಒಬ್ಬರ ಮುಂದ ಕೈ ಚಾಚಿಲ್ಲ. ಇಂಥಾ ಮರ್ಯಾದಸ್ಥ ಬಡವರಿಗೆ ಕೊಡದಿದ್ರ ಯಾರಿಗೆ ಕೊಡಬೇಕು?" ಎಂದರು. ನಾಲ್ಕೈದು ಮಂದಿ ಚಪ್ಪಾಳೆ ತಟ್ಟಿದರು.

ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಮಾತು ಮುಗಿದಿತ್ತು. ರೇಣುಕವ್ವ ಕಂಬ ಹಿಡಿದು ನಿಂತಿದ್ದಳು. ಚೀಲದ ಕಡೆ ನೋಡುತ್ತಿರಲಿಲ್ಲ, ಒಳಗಿನ ಕತ್ತಲ ಕಡೆ ನೋಡುತ್ತಿದ್ದಳು. ಶಂಕ್ರಪ್ಪ ಸಾಹುಕಾರರು ಮಾಸ್ತರರಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಓಣಿಗೆ ಓಣೀನ ನಂಬಿಸ್ಯಾಳಂದ್ರ ಎಷ್ಟು ಪಾಕಡ ಇರಬೇಕ್ರಿ ಈಕಿ!" ರೊಟ್ಟಿ ಬಡಿದಾಗ ಇದ್ದವಳು ಎಂದರು. ಮಣ್ಣು ಎಂದು ತಿಳಿದಾಗ ಮೋಸಗಾತಿ ಎಂದರು. ಹಾಗಾದರೆ ಅವಳು ಏನು ಬಡಿಯಬೇಕಿತ್ತು? ಇವರೆಲ್ಲ ನಮ್ಮ ಮನೆಯ ಚಹಾ ಕುಡಿಯುವ ಮಂದಿ, ಜಾತ್ರೆ ಮದುವೆಗಳಲ್ಲಿ ನಮ್ಮ ಪಂಕ್ತಿಯಲ್ಲೇ ಕೂತು ಉಣ್ಣುವ ಮಂದಿ.

ಎಲ್ಲರೂ ಹೋದ ಮೇಲೆ ನಾನು ಒಳಗೆ ಹೋದೆ. ಗಂಗವ್ವಾಯಿ ಚಾಪೆಯ ಮೇಲೆ ಎದ್ದು ಕೂತಿದ್ದಳು, ಹೇಗೆ ಎದ್ದಳೋ. ಮೊಮ್ಮಗಳನ್ನು ಹತ್ತಿರ ಕರೆದು ತೋಳು ಮುಟ್ಟಿ ನೋಡಿದಳು. ಪಕ್ಕೆಲುಬಿನ ಮೇಲೆ ಕೈ ಆಡಿಸಿದಳು. ಹುಡುಗಿ "ಆಯಿ, ಜೋಳ ಬಂದಾವ" ಎಂದಿತು. ಮುದುಕಿ ಅದರ ತಲೆ ನೇವರಿಸಿ ಗೋಡೆಯ ಕಡೆ ಹೊರಳಿ ಮಲಗಿದಳು.

ಅವತ್ತು ರೇಣುಕವ್ವ ಖರೇ ರೊಟ್ಟಿ ಬಡಿದಳು. ಹೊಸ ಜೋಳ ಬೀಸಿ, ನಾದಿ, ಒಂದರ ಮೇಲೊಂದು ಬಡಿದಳು. ನಾನು ಬೇಕೆಂದೇ ಅಲ್ಲೇ ಕೂತಿದ್ದೆ. ಬಿಸಿ ರೊಟ್ಟಿ ನಾನು ತಂದ ಹಾಲಿನಲ್ಲಿ ನೆನೆಸಿ ಬಾಯಿಗೆ ಹಿಡಿದರೆ ಗಂಗವ್ವಾಯಿ ತುಟಿ ಬಿಚ್ಚಲಿಲ್ಲ.

"ಇದು ನನ್ನ ಪಾಲಿಂದು. ಅವರದೆಲ್ಲೈತಿ?" ಎಂದಳು.

ರೇಣುಕವ್ವ ಹುಡುಗರ ರೊಟ್ಟಿ ತಂದು ಕೈಗೆ ಕೊಟ್ಟಳು. ಮುಟ್ಟಿ ನೋಡಿ, "ಇದು ಅದ ರೊಟ್ಟಿ. ತಿರುಗಿಸಿ ತಂದು ಕೊಡ್ತೀ" ಎಂದಳು. ಹುಡುಗರನ್ನು ಎದುರಿಗೆ ಕೂಡಿಸಿ, ಅವಳ ಕೈಯನ್ನು ಅವುಗಳ ದವಡೆಯ ಮೇಲಿಟ್ಟು ಉಣಿಸಿದೆವು. ಸ್ವಲ್ಪ ಹೊತ್ತು ಕೈ ಇಟ್ಟುಕೊಂಡೇ ಇದ್ದಳು. ಆಮೇಲೆ ತೆಗೆದು, "ಬಾಯಿ ಆಡ್ತದ. ಅದನ್ನೂ ಕಲಿಸೀರಿ ಕೂಸುಗೋಳಿಗೆ" ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ಮೆತ್ತಗೆ, ಸೊಸೆಯ ಮೇಲೆ ಮರುಕ ಪಟ್ಟು ಹೇಳಿದಳು. ರೇಣುಕವ್ವ ಹಣೆ ಹಣೆ ಬಡಿದುಕೊಂಡು ಅತ್ತಳು. ಹಲೀಮಾಬಿ ಬಂದು ಕೈ ಮುಗಿದು ಕೇಳಿದಳು. 'ತಾಯಿ ಉಣವಲ್ಲಳು' ಎಂಬ ಸುದ್ದಿ ಕೇಳಿ ಮಡಿವಾಳೆಪ್ಪ ಹುಬ್ಬಳ್ಳಿಯಿಂದ ಬಂದ. ಅವನು ಪಾದ ಹಿಡಿದುಕೊಂಡು ಕೂತರೆ, "ನೀ ಮೊದಲ ಉಣ್ಣು ನನ್ನಪ್ಪಾ, ನಿನ್ನ ಕೆಮ್ಮು ಖಾಲಿ ಹೊಟ್ಟೀದು" ಎಂದಳು. ಅವನು ಉಂಡ. ಅದನ್ನೂ ನಂಬಲಿಲ್ಲ. ಗುಟುಕು ನೀರು ಬಿಟ್ಟರೆ ಏನೂ ಇಳಿಯಲಿಲ್ಲ.

ಕೊನೆಗೆ ನಾನು ಕೂತೆ. ಕೊರಳಲ್ಲಿದ್ದ ಲಿಂಗ ಕೈಯಲ್ಲಿ ಹಿಡಿದು, "ನನ್ನ ಲಿಂಗದಾಣೆ ಆಯೀ, ಮನ್ಯಾಗ ಜೋಳ ಅದ. ನನ್ನ ಕಣ್ಣಾರೆ ನೋಡೀನಿ, ಹುಡುಗೂರು ಹೊಟ್ಟಿತುಂಬ ಉಂಡಾವ" ಎಂದೆ. ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು. ಹೇಳಿದ ಮಾತು ಇದು:

"ನೀ ಗ್ವಾಡಿ ಬಾಜುದಾಕಿ ಸುಶೀಲಾ, ಕಣ್ಣಿದ್ದಾಕಿ. ಇಷ್ಟು ದಿನ ನಿನಗೂ ಅದು ರೊಟ್ಟಿ ಸಪ್ಪಳಾನ ಆಗಿತ್ತಂತಲ್ಲವ್ವಾ. ಮತ್ತ ಕುರುಡಿ ನಾ, ನಿನ್ನ ಮಾತಿಗೆ ಹೆಂಗ ಬಾಯಿ ತೆರೀಲಿ?"

ಲಿಂಗವನ್ನು ಕಣ್ಣಿಗೊತ್ತಿಕೊಂಡು ಎದ್ದು ಬಂದೆ.

ಇಲ್ಲಿಗೆ ನಿಲ್ಲಿಸುತ್ತೇನೆ. ನೀನು ಸಮಯಕ್ಕೆ ಸರಿಯಾಗಿ ಉಣ್ಣು. ಅಳಿಯಂದಿರಿಗೆ ಗದ್ದೆಯ ಕೆಸರಿನಲ್ಲಿ ಬಹಳ ಹೊತ್ತು ನಿಲ್ಲಬೇಡಿ ಎಂದು ಹೇಳು. ನಿಮ್ಮ ಮನೆಗೆ ಯಾರಾದರೂ ಕೇಳಲು ಬಂದರೆ ಅವರ ಸೀರೆ ನೋಡಬೇಡ, ತಲೆಗೆ ಎಣ್ಣೆ ಇದೆಯೇ ಎಂದೂ ನೋಡಬೇಡ. ಕೊಡುವ ಮನಸ್ಸಿದ್ದರೆ ಕೊಡು, ಇಲ್ಲದಿದ್ದರೆ ಇಲ್ಲ ಅನ್ನು, ಆದರೆ ಯಾಕೆ ಕೊಟ್ಟೆ ಎಂದು ಮಾತ್ರ ಯಾರ ಮುಂದೆಯೂ ಹೇಳಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮನೆಯ ಹಂಚು ಆರದಿರಲಿ.

ನಿನ್ನ ಅವ್ವ,
ಸುಶೀಲವ್ವ

ತಾ.ಕ.: ಗಂಗವ್ವಾಯಿಯ ಸಂಗತಿ ಅರ್ಧಕ್ಕೇ ಬಿಟ್ಟು ಆಶೀರ್ವಾದ ಬರೆದು ಮುಗಿಸಿದ್ದೆ. ಲಕೋಟೆಗೆ ಅಂಟು ಹಚ್ಚುವ ಮೊದಲು ಮತ್ತೆ ತೆಗೆದೆ. ಆಯಿ ಮೊನ್ನೆ ಸೋಮವಾರ ಮುಂಜಾನೆ, ಉಣ್ಣುವುದು ಬಿಟ್ಟ ಎರಡು ವಾರಕ್ಕೆ, ಹೋಗಿಬಿಟ್ಟಳು. ಚೀಲ ಅವಳ ತಲೆಯ ಹತ್ತಿರವೇ ಮೂಲೆಯಲ್ಲಿತ್ತು.

ಮರುದಿನ ತಾಲೂಕಿನಿಂದ ಒಬ್ಬ ಸಾಹೇಬರು ವಿಚಾರಣೆಗೆ ಬಂದರು, ಉಪವಾಸದಿಂದ ಸತ್ತಳೆಂದು ಯಾರೋ ಹೇಳಿದ್ದರಂತೆ. ನಿಮ್ಮಪ್ಪ ಅವರನ್ನು ಒಳಗೆ ಕರೆದುಕೊಂಡು ಹೋಗಿ ಚೀಲದ ಬಾಯಿ ಬಿಚ್ಚಿ ತೋರಿಸಿದರು. ಸಾಹೇಬರು ಜೋಳದಲ್ಲಿ ಕೈ ಹಾಕಿ, ಒಂದು ಮುಷ್ಟಿ ಎತ್ತಿ ಬಿಟ್ಟು, "ಸರಿ" ಎಂದರು. ಆಮೇಲೆ ನಮ್ಮ ಮನೆಗೆ ಬಂದರು, ನಾನೇ ಚಹಾ ಕೊಟ್ಟೆ. "ಕಮೀಟಿ ಛಲೋ ಕೆಲಸಾ ಮಾಡ್ಯದ, ನಮ್ಮೂರಾಗ ಒಬ್ಬರೂ ಹಸದು ಸತ್ತಿಲ್ರಿ ಸಾಹೇಬ್ರ" ಎಂದು ನಿಮ್ಮಪ್ಪ ಹೇಳಿದರು. ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಅನಿಸಲೇ ಇಲ್ಲ. ಮಣ್ಣಿಗೆ ಹೋದಾಗ ಎಲ್ಲರಿಗಿಂತ ಹೆಚ್ಚು ಅತ್ತವರೂ ಅವರೇ. ಕೆಟ್ಟ ಮನುಷ್ಯನಾಗಿದ್ದರೆ ಬೈದು, ಜಗಳ ತೆಗೆದು ಸುಮ್ಮನಾಗುತ್ತಿದ್ದೆ ನೀಲಾ. ಇಪ್ಪತ್ತೈದು ವರ್ಷ ಕೂಡಿ ಬಾಳಿದ ಒಳ್ಳೆಯ ಮನುಷ್ಯ. ಅದಕ್ಕೇ ನನಗೆ ಅಂಜಿಕೆ.

ಪಂಚಮಿಗೆ ಕರೆಯಲು ಯಾರು ಬರುತ್ತಾರೆ ಎಂದು ನೀನು ಪತ್ರದಲ್ಲಿ ಕೇಳಿದ್ದೀ. ಈ ಸಲ ಯಾರೂ ಬರುವುದಿಲ್ಲ, ನಾನೇ ಅಲ್ಲಿಗೆ ಬರುತ್ತೇನೆ. ಮಗಳು ತವರಿಗೆ ಬರುವ ಹಬ್ಬಕ್ಕೆ ತಾಯಿ ಮಗಳ ಮನೆಗೆ ಹೋಗುವುದು ಎಲ್ಲೂ ಇಲ್ಲ, ನಿಮ್ಮ ಅತ್ತೆ ಕೇಳಿಯೇ ಕೇಳುತ್ತಾರೆ. ನನ್ನ ಮಣಿಕಟ್ಟು ಹಿಡಿದಿದೆ, ಸೋಮವಾರದಿಂದ ರೊಟ್ಟಿ ಬಡಿಯಲು ಆಗುತ್ತಿಲ್ಲ, ಅದಕ್ಕೆ ನಾಲ್ಕು ದಿನ ವಿಶ್ರಾಂತಿಗೆ ಬಂದಿದ್ದಾಳೆ ಎಂದು ಹೇಳು. ಇಲ್ಲಿಯೂ ಹಾಗೇ ಹೇಳಿದ್ದೇನೆ. ನಿಮ್ಮಪ್ಪ ದಿನಾ ಸಂಜೆ ಎಣ್ಣೆ ಬಿಸಿ ಮಾಡಿ ತಂದು, ನನ್ನ ಕೈ ತಮ್ಮ ತೊಡೆಯ ಮೇಲಿಟ್ಟುಕೊಂಡು ನೀವುತ್ತಾರೆ, ನೋವು ಕಡಿಮೆ ಆಯಿತೇ ಎಂದು ಕೇಳುತ್ತಾರೆ. ನನ್ನ ಕೈಗೆ ಏನೂ ಆಗಿಲ್ಲ.